ಮುನ್ಷಿ ಸಾಹೇಬರ ಗಡ್ಡದಲ್ಲಿ ಸಕ್ಕರಿ

ಜೇನುಹುಳಗಳನ್ನು ನಾನು ಬಹುವಚನ ಹಚ್ಚಿ ಮಾತಾಡಿಸುತ್ತೇನೆ. ಇದು ಇವತ್ತು ನಿನ್ನೆಯ ಚಾಳಿಯಲ್ಲ. ಮೊನ್ನೆ ಮುಂಜಾನೆ ಅಂಗಳದಲ್ಲಿ ಕೂತು ಬಸಿಯಲ್ಲಿ ಚಹಾ ಆರಿಸುತ್ತಿದ್ದೆ. ಒಂದು ಹುಳ ಬಂದು ಬಸಿಯ ಅಂಚಿನ ಮೇಲೆ ಇಳಿಯಿತು. “ಬರ್ರಿ, ಕೂಡ್ರಿ. ಸಿಹಿ ಕಡಿಮಿ ಅದ, ಡಾಕ್ಟರು ಹಾಕಗೊಡವಲ್ಲರು” ಎಂದೆ. ಒಳಗಿದ್ದ ಸೊಸೆಯ ಕಿವಿಗೆ ಅದು ಬಿದ್ದಿತು. ಸಂಜೆ ಅವಳು ತನ್ನ ತಂಗಿಗೆ ಫೋನಿನಲ್ಲಿ ಹೇಳುತ್ತಿದ್ದುದು ನನ್ನ ಕಿವಿಗೂ ಬಿದ್ದಿತು. “ನಮ್ಮ ಅತ್ತಿಯವರು ಮೊದಲಿನಂಗ ಇಲ್ಲವಾ. ಹುಳಗಳ ಕೂಡ ಮಾತಾಡಾಕತ್ತಾರ.”

ನಾನು ಮೊದಲಿನಂತೆಯೇ ಇದ್ದೇನೆ. ಒಂಬತ್ತನೆಯ ವಯಸ್ಸಿನಲ್ಲಿ ಹೀಗಾದವಳು, ಎಪ್ಪತ್ತೊಂಬತ್ತಕ್ಕೂ ಹೀಗೆಯೇ ಇದ್ದೇನೆ, ಅಷ್ಟೆ. ಸೊಸೆಗೆ ಹೇಳಹೋದರೆ ಗಾಬರಿ ಇನ್ನೂ ಹೆಚ್ಚಾದೀತು. ಅದಕ್ಕೇ ನಿಮಗೆ ಹೇಳುತ್ತೇನೆ. ನೀವು ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ಯುವವರಲ್ಲ.

ಆಗ ನಮ್ಮಲ್ಲಿ ನಿಜಾಮರ ರಾಜ್ಯ. ಕಚೇರಿ, ಕೋರ್ಟು, ಸ್ಟೇಷನ್ನಿನ ಹಲಗೆ ಎಲ್ಲ ಉರ್ದುವಿನಲ್ಲಿ. ಕಲಬುರ್ಗಿಯ ಗಾಜಿಪುರದಲ್ಲಿ ನಮ್ಮ ಮನೆ, ಗಂಜ್ ಪೇಟೆಯಲ್ಲಿ ಅಪ್ಪನ ಅಡತಿ ವ್ಯಾಪಾರದ ಅಂಗಡಿ. ಬಂದ ಕಾಗದವನ್ನು ಓದಿಸಲು ಊರೆಲ್ಲ ತಿರುಗಿ ತಿರುಗಿ ಬೇಸತ್ತ ಅಪ್ಪ, ಮನೆಯ ಮಕ್ಕಳಾದರೂ ಉರ್ದು ಕಲಿಯಲಿ ಎಂದು ಒಬ್ಬ ಮುನ್ಷಿ ಸಾಹೇಬರನ್ನು ಗೊತ್ತುಮಾಡಿದ. ದಿನಾ ಮುಂಜಾನೆ ಪಡಸಾಲೆಯಲ್ಲಿ ಜಮಖಾನ ಹಾಸಿ ನಾವು ನಾಲ್ವರು ಕೂಡುತ್ತಿದ್ದೆವು: ನಾನು, ನನಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಶಿವು, ಮತ್ತು ಕಾಕಾನ ಅವಳಿ ಗಂಡುಮಕ್ಕಳು. ಈ ಅವಳಿಗಳಿಗೆ ಬೇರೆ ಬೇರೆ ಹೆಸರಿದ್ದರೂ ಕರೆಯುವಾಗ ಯಾರೂ ಆ ತ್ರಾಸು ತೆಗೆದುಕೊಳ್ಳುತ್ತಿರಲಿಲ್ಲ. “ಅವಳಿ” ಎಂದರೆ ಇಬ್ಬರೂ ಓಡಿಬರುತ್ತಿದ್ದರು.

ಮುನ್ಷಿ ಸಾಹೇಬರು ಹೈದರಾಬಾದ್ ಶಹರದವರು. ಕಾಲಿಗೆ ಮಣ್ಣು ಹತ್ತದ ಮನುಷ್ಯ. ಕುತ್ತಿಗೆಯ ತನಕ ಗುಂಡಿ ಹಾಕಿದ ಶೇರವಾನಿ, ತಲೆಯ ಮೇಲೆ ಕೆಂಪು ರೂಮಿ ಟೋಪಿ, ಎದೆಯ ತನಕ ಇಳಿದ ಬಿಳಿ ಗಡ್ಡ. ಹತ್ತಿರ ಬಂದರೆ ಗುಲಾಬಿ ಅತ್ತರಿನ ವಾಸನೆ. ಅವರ ಕನ್ನಡ ನಮ್ಮ ಉರ್ದುವಿನಷ್ಟೇ ಸೊಗಸಾಗಿತ್ತು. ಅವರು ನಮ್ಮನ್ನು ತಿದ್ದುತ್ತಿದ್ದರು, ನಾವು ಅವರನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದೆವು.

ಒಂದು ದಿನ ಪುಸ್ತಕದಲ್ಲಿ ಜೇನಿನ ಪಾಠ ಬಂತು. “ಶಹದ್ ಕೀ ಮಖ್ಖೀ” ಎಂದು ಓದಿಸಿದರು. ಶಹದ್ ಅಂದರೆ ಜೇನು, ಮಖ್ಖಿ ಅಂದರೆ ನೊಣ ಎಂದು ಅರ್ಥ ಹೇಳಿದರು. ಆ ನೊಣ ಬಹಳ ಕಷ್ಟಪಟ್ಟು ಜೇನು ಮಾಡುತ್ತದೆ ಎಂದರು. ನಾವು ಒಪ್ಪಿದೆವು. ನಮಗೆ ನೊಣ ಗೊತ್ತಿತ್ತು. ಅಪ್ಪನ ಅಂಗಡಿಯ ಬೆಲ್ಲದ ಪೆಂಟಿಗಳ ಮೇಲೆ ಸಾವಿರ ಇದ್ದವು.

ನಗಬೇಡಿ. ಗಾಜಿಪುರದ ನಮ್ಮ ಓಣಿಯಲ್ಲಿ ಕಲ್ಲುಗೋಡೆ, ಕಲ್ಲುಹಾಸು, ಒಂದು ಬೇವಿನ ಗಿಡ, ಇಷ್ಟೇ ಇದ್ದದ್ದು. ಹೂವು ಬರುತ್ತಿದ್ದುದು ಹೂವಾಡಗಿತ್ತಿಯ ಬುಟ್ಟಿಯಲ್ಲಿ. ಹೂವು ಬುಟ್ಟಿಯಲ್ಲೇ ಹುಟ್ಟುತ್ತದೆ ಎಂದು ಶಿವು ನಂಬಿದ್ದ. ಹಾಗಿದ್ದಾಗ ಜೇನು ಮಾಡುವ ನೊಣ ಬೇರೆ, ಬೆಲ್ಲದ ಮೇಲೆ ಕೂಡುವ ನೊಣ ಬೇರೆ ಎಂದು ನಮಗೆ ಯಾರು ಹೇಳಬೇಕು?

ನಾಲ್ವರೂ ಮಧ್ಯಾಹ್ನ ಅಂಗಡಿಗೆ ಹೋಗಿ ಬೆಲ್ಲದ ಮುಂದೆ ಕೂತು ಕಾದೆವು. ಜೇನು ಬರಲಿಲ್ಲ. ಜಾಗ ಬದಲಾದರೆ ಬಂದೀತೆಂದು ಅವಳಿಗಳು ಒಂದು ನೊಣ ಹಿಡಿದು ಗಾಜಿನ ಲೋಟದ ಕೆಳಗಿಟ್ಟು, ಪಕ್ಕದಲ್ಲಿ ಬೆಲ್ಲದ ಚೂರಿಟ್ಟರು. ಆ ನೊಣ ಮೂರನೆಯ ದಿನ ಜೇನು ಕೊಡಲಿಲ್ಲ, ಪ್ರಾಣ ಕೊಟ್ಟಿತು. ಮರುದಿನ ಶಿವು ಅದನ್ನು ಅಂಗೈಯಲ್ಲಿಟ್ಟುಕೊಂಡು ಪಾಠಕ್ಕೆ ಬಂದ.

“ಸಾಬ್, ನಿಮ್ಮ ಮಖ್ಖಿ ಸತ್ತದರಿ. ಮೂರು ದಿನ ಬೆಲ್ಲ ಹಾಕಿದ್ವಿ. ಒಂದು ಹನಿ ಜೇನು ಕೊಡಲಿಲ್ಲ ನೋಡ್ರಿ.”

ಮುನ್ಷಿ ಸಾಹೇಬರು ಆ ನೊಣವನ್ನು ನೋಡಿದರು, ಶಿವುವಿನ ಮುಖ ನೋಡಿದರು. ಆಮೇಲೆ ನಗತೊಡಗಿದರು. ಟೋಪಿಯ ಕರಿ ಗೊಂಡೆ ಎಡಕ್ಕೂ ಬಲಕ್ಕೂ ಹಾರಿತು, ಟೋಪಿಯೇ ಬಿದ್ದಿತು, ಅದನ್ನು ಎತ್ತಿಕೊಳ್ಳಲೂ ಅವರಿಗೆ ಆಗಲಿಲ್ಲ. ನಗೆ ನಿಂತ ಮೇಲೆ ಯಾಕೋ ಮುಖ ಸಪ್ಪಗಾಯಿತು.

“ಮಕ್ಕಳೇ, ಖರೇ ಜೇನಿನ ಹುಳ ಯಾರೂ ನೋಡಿಲ್ಲೇನು?” ಎಂದರು. “ನಾನೂ ನೋಡಿಲ್ಲ. ಕಿತಾಬಿನಾಗ ಓದೀನಿ. ಕೆಲಸ ಮಾಡೋ ಮಖ್ಖಿ ಎಲ್ಲಾ ಹೆಣ್ಣು ಅಂತ ಓದೀನಿ. ರಾಣಿ ಇರ್ತಾಳ ಅಂತ ಓದೀನಿ. ಕಣ್ಣಿಂದ ಕಂಡಿಲ್ಲ.”

ಅವರು ಹಾಗೆ ಹೇಳಿದಾಗ ನನಗೆ ಏನಾಯಿತೋ. ಯಾರಾದರೂ ಬೇಸರ ಮಾಡಿಕೊಂಡರೆ ಅವರನ್ನು ಖುಷಿಪಡಿಸಲು ಸುಳ್ಳು ಹೇಳುವುದು ನನ್ನ ಆಗಿನ ಸ್ವಭಾವ. ಈಗ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

“ನಾ ನೋಡೀನ್ರಿ ಸಾಬ್” ಎಂದೆ. “ಕಮಲಾಪುರದಾಗ ನಮ್ಮ ಸೋದರಮಾವನ ತ್ವಾಟದಾಗ ಅದಾವ. ನನ್ನ ಕೈಮ್ಯಾಲೆ ಬಂದು ಕೂಡ್ತಾವ. ಹೆಸರು ಹಿಡಿದು ಕರದ್ರ ಬರ್ತಾವ.”

“ಹೆಸರು?”

“ಒಂದರ ಹೆಸರು ಸಕ್ಕರಿ. ಒಂದರ ಹೆಸರು ಬಂಗಾರಿ.” ಅವರ ಕಣ್ಣು ಅರಳುವುದನ್ನು ಕಂಡು ಮೂರನೆಯದೂ ಇರಲಿ ಎನಿಸಿತು. ಹೆಸರು ಹೊಳೆಯಲಿಲ್ಲ. ಬಾಯಿಗೆ ಬಂದದ್ದು ಅಂದುಬಿಟ್ಟೆ. “ಇನ್ನೊಂದು ತಹಸೀಲ್ದಾರ.”

“ತಹಸೀಲ್ದಾರ್!” ಮುನ್ಷಿ ಸಾಹೇಬರು ಕೈಯನ್ನು ಎದೆಯ ಮೇಲಿಟ್ಟುಕೊಂಡರು. “ಆದರ ಬೇಟಿ, ಕೆಲಸ ಮಾಡೋವೆಲ್ಲ ಹೆಣ್ಣು ಅಲ್ಲೇನು?”

“ಅದಕ್ಕ ಕೆಲಸ ಇಲ್ರಿ” ಎಂದೆ.

ನಿಜ ಹೇಳಬೇಕೆಂದರೆ ಜೇನು ಎಂದರೆ ನನಗೆ ಜೀವ ಹೋಗುವಷ್ಟು ಅಂಜಿಕೆ. ನಾಲ್ಕು ವರ್ಷದವಳಿದ್ದಾಗ ಕಮಲಾಪುರದಲ್ಲಿ ಒಂದು ಹುಳ ನನ್ನ ಮೂಗಿನ ತುದಿಗೆ ಕಡಿದಿತ್ತಂತೆ. ಮೂಗು ಬದನೆಕಾಯಿಯಷ್ಟು ಊದಿ, ಮೂರು ದಿನ ಸುಣ್ಣ ಹಚ್ಚಿಸಿಕೊಂಡು ಮಲಗಿದ್ದೆನಂತೆ. ಆಮೇಲೆ ಗುಂಯ್ ಎಂಬ ಸದ್ದು ಕೇಳಿದರೆ ಸಾಕು, ಅವ್ವನ ಸೀರೆಯೊಳಗೆ ಹೊಗುತ್ತಿದ್ದೆ. ಆದರೆ ಆ ಕಡಿಯುವ ಹುಳವೇ ಪಾಠದ ಮಖ್ಖಿ ಎಂದು ಮುನ್ಷಿ ಸಾಹೇಬರು ‘ಜೇನಿನ ಹುಳ’ ಎನ್ನುವ ತನಕ ನನಗೆ ಹೊಳೆದಿರಲಿಲ್ಲ.

ಈ ಸುಳ್ಳು ಪಡಸಾಲೆಯಲ್ಲೇ ಉಳಿದಿದ್ದರೆ ಚಿಂತೆಯಿರಲಿಲ್ಲ. ಆದರೆ ಅದೇ ವಾರ ಆಯಿ, ಎಂದರೆ ಅಪ್ಪನ ಅವ್ವ, ನನ್ನ ಓದು ಬಿಡಿಸುವ ಮಾತು ತೆಗೆದಳು. ಮನೆಯಲ್ಲಿ ಆಯಿಯ ಮಾತು ಎಂದರೆ ಸರಕಾರಿ ಫರ್ಮಾನು. ಅಂದು ಪಾಠ ಮುಗಿಯುವ ಹೊತ್ತಿಗೆ ಬಾಗಿಲ ಮರೆಯಲ್ಲಿ ನಿಂತು ಅಪ್ಪನಿಗೆ ಹೇಳಿದಳು.

“ಹುಡುಗಿಗಿ ಹತ್ತು ತುಂಬಾಕ ಬಂತು. ಸಾಕು ಮಾಡು. ಆಕಿ ಏನು ಕಚೇರಿಗಿ ಹೋಗ್ತಾಳೇನು? ರೊಟ್ಟಿ ಬಡ್ಯಾಕ ಅಲಿಫ್ ಬೇ ಬೇಕೇನು?”

ನನ್ನ ಕೈಯಲ್ಲಿದ್ದ ಬಳಪ ಎರಡು ತುಂಡಾಯಿತು. ಓದು ಎಂದರೆ ನನಗೆ ಪ್ರಾಣವಾಗಿತ್ತು ಎಂದೆಲ್ಲ ದೊಡ್ಡ ಮಾತು ಹೇಳಲಾರೆ. ಆದರೆ ಆ ಜಮಖಾನದ ಮೇಲೆ ಕೂತ ಹೊತ್ತು ಇಡೀ ದಿನದಲ್ಲಿ ನನ್ನದೇ ಆದ ಹೊತ್ತಾಗಿತ್ತು. ಅದು ಹೋದರೆ ಉಳಿಯುವುದು ಕಸಬರಿಗೆ ಮತ್ತು ಹಿಟ್ಟು ನಾದುವ ಕೊಮ್ಮೆ.

ಮುನ್ಷಿ ಸಾಹೇಬರು ಬಾಗಿಲ ಕಡೆ ನೋಡದೆ, ಕಂಬವನ್ನು ನೋಡುತ್ತ ಅಪ್ಪನಿಗೆ ಹೇಳಿದರು. “ಸಾವಕಾರರ, ಈ ಬೇಟಿಗೆ ಓದು ಬಿಡಸಬ್ಯಾಡ್ರಿ. ಈಕಿ ಕಣ್ಣು ತೆರದು ದುನಿಯಾ ನೋಡ್ತಾಳ. ಕಮಲಾಪುರದ ಜೇನು ಈಕಿ ಕೈಮೇಲೆ ಕೂಡ್ತಾವ. ಇಂಥಾ ಶಾಗಿರ್ದ್, ಇಂಥಾ ವಿದ್ಯಾರ್ಥಿ ನನಗ ಸಿಕ್ಕಿಲ್ಲ.”

ಅಪ್ಪ ನನ್ನ ಕಡೆ ನೋಡಿದ. ನನ್ನ ಮೂಗಿನ ಕತೆ ಅವನಿಗೆ ಗೊತ್ತಿತ್ತು. ಮೀಸೆಯೊಳಗೆ ನಗುತ್ತಿದ್ದಾನೆಂದು ನನಗೆ ತಿಳಿಯಿತು. ಆದರೆ ಬಾಯಿ ಬಿಡಲಿಲ್ಲ.

ಬಿಟ್ಟವಳು ಆಯಿ. “ಜೇನು ಕೈಮ್ಯಾಲೆ ಕೂಡ್ತಾವಂತ? ಈಕಿದಾ? ಎಳ್ಳಮಾಸಿಗಿ ಹೆಂಗೂ ಕಮಲಾಪುರಕ್ಕ ಹೋಗೂದದ. ನಾನೂ ಬರ್ತೀನಿ. ಮುನ್ಷಿಯವರೂ ಬರಲಿ. ಖರೆ ಇದ್ರ ಓದಲಿ. ಸುಳ್ಳಿದ್ರ ಪಾಟಿ ಅಟ್ಟಕ್ಕ.”

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ, ಹೊಲದಲ್ಲಿ ಕೂತು ಉಣ್ಣುವ ಹಬ್ಬ. ಅದಕ್ಕೆ ಎರಡು ದಿನ ಮೊದಲು, ನಸುಕಿನಲ್ಲಿ ಸವಾರಿ ಬಂಡಿ ಹೊರಟಿತು. ಬಂಡಿಯ ಮುಂದೆ ಛತ್ರಿ ಹಿಡಿದು ಮುನ್ಷಿ ಸಾಹೇಬರು, ಹಿಂದೆ ರೊಟ್ಟಿಯ ಗಂಟು ಹಿಡಿದು ಆಯಿ, ನಡುವೆ ನಾವು ನಾಲ್ವರು. ಆಯಿ ಪರಗಂಡಸರ ಜೊತೆ ಮಾತಾಡುವವಳಲ್ಲ. ಮುನ್ಷಿ ಸಾಹೇಬರು ಪರಹೆಂಗಸರ ಮುಖ ನೋಡುವವರಲ್ಲ. ಹಾಗಾಗಿ ಇಬ್ಬರೂ ಎತ್ತುಗಳ ಮೂಲಕ ಮಾತಾಡಿದರು. “ಶಹರದಾಗ ಮಂದಿ ಏನು ಉಣ್ತಾರೋ ಏನೋ” ಎಂದು ಆಯಿ ಎಡಗಡೆಯ ಎತ್ತಿಗೆ ಹೇಳುವಳು. “ಅನ್ನ, ಖಟ್ಟಾ ದಾಲ್” ಎಂದು ಮುನ್ಷಿ ಸಾಹೇಬರು ಬಲಗಡೆಯ ಎತ್ತಿಗೆ ತಿಳಿಸುವರು. “ಕೆಲಸ ಮಾಡೋ ಜೇನು ಎಲ್ಲಾ ಹೆಣ್ಣು ಅಂತ ಕಿತಾಬು ಹೇಳ್ತದ” ಎಂದು ಅವರು ಒಂದು ಸಲ ಎತ್ತಿಗೆ ಪಾಠ ಹೇಳಿದರು. ಆಯಿ ತನ್ನ ಎತ್ತಿನ ಕಡೆ ತಿರುಗಿ, “ಇದನ್ನ ತಿಳಕೊಳ್ಳಾಕ ಕಿತಾಬು ಬೇಕಾಯ್ತಾ?” ಎಂದಳು. ಎತ್ತು ತಲೆ ಅಲ್ಲಾಡಿಸಿತು.

ನಾನು ಮಾತ್ರ ದಾರಿಯುದ್ದಕ್ಕೂ ಹರಕೆ ಹೊತ್ತೆ. ಬಂಡಿಯ ಅಚ್ಚು ಮುರಿಯಲಿ. ಮಳೆ ಬರಲಿ. ಕಮಲಾಪುರದ ಜೇನೆಲ್ಲ ಯಾವುದಾದರೂ ಮದುವೆಗೆ ಪರಊರಿಗೆ ಹೋಗಿರಲಿ. ಒಂದೂ ಆಗಲಿಲ್ಲ. ಹೊತ್ತು ಮುಳುಗುವ ಮೊದಲೇ ಮಾವನ ಮನೆಯ ಮುಂದೆ ಇಳಿದೆವು.

ಇಳಿದವಳೇ ನಾನು ಗುರಮ್ಮ ಅತ್ತಿಯನ್ನು, ಎಂದರೆ ಸೋದರಮಾವನ ಹೆಂಡತಿಯನ್ನು, ಕೈ ಹಿಡಿದು ದನದ ಕೊಟ್ಟಿಗೆಗೆ ಎಳೆದುಕೊಂಡು ಹೋದೆ. ಗುರಮ್ಮ ಅತ್ತಿ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರದ ಹೆಂಗಸು. ನಕ್ಕರೆ ಪಕ್ಕದ ಮನೆಯ ಎಮ್ಮೆ ಎದ್ದು ನಿಲ್ಲುತ್ತಿತ್ತು. ತೋಟದ ಕೆಲಸ ಮಾವನಿಗಿಂತ ಅವಳಿಗೇ ಚೆನ್ನಾಗಿ ಗೊತ್ತು ಎಂದು ಮಾವನೇ ಹೇಳುತ್ತಿದ್ದ.

“ಅತ್ತಿ, ನಾ ಸುಳ್ಳು ಹೇಳೀನಿ” ಎಂದು ಶುರುಮಾಡಿ ಎಲ್ಲ ಹೇಳಿದೆ. ಸಕ್ಕರಿ, ಬಂಗಾರಿಯ ತನಕ ಅತ್ತಿ ತಡೆದುಕೊಂಡಳು. ತಹಸೀಲ್ದಾರ ಬಂದ ಕೂಡಲೇ ದನಗಳಿಗೆ ಮೇವು ಹಾಕುವ ಗ್ವಾದಲಿಯ ಮೇಲೆ ಕುಸಿದು ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕಳು. ನಾನು ಅಳತೊಡಗಿದೆ. ಆಗ ಅವಳು ಕಣ್ಣೊರೆಸಿಕೊಂಡಳು.

“ಅಳಬ್ಯಾಡ ನೀಲಾ. ಸುಳ್ಳು ಹೇಳೂದು ಹೇಳೀದಿ. ನಾಡದು ಎಳ್ಳಮಾಸಿ. ನಾಳಿ ಒಂದು ಮುಂಜಾನಿ ಅದ ನಮ್ಮ ಕೈಯಾಗ. ಅಷ್ಟರಾಗ ಅದನ್ನ ಖರೆ ಮಾಡೋಣ.”

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಅತ್ತಿ ನಮ್ಮ ನಾಲ್ವರನ್ನೂ ಎಬ್ಬಿಸಿ ಬಾವಿಯ ಹತ್ತಿರದ ಕುಂಬಳದ ಬಳ್ಳಿಗಳ ನಡುವೆ ಕೂಡಿಸಿದಳು. ಆಯಿ ಮತ್ತು ಮುನ್ಷಿ ಸಾಹೇಬರು ಪ್ರಯಾಣದ ದಣಿವಿಗೆ ಇನ್ನೂ ಎದ್ದಿರಲಿಲ್ಲ. ಚಳಿ ಎಂದರೆ ಚಳಿ. ಆಚೆ ಅಗಸೆಯ ಹೊಲ ನೀಲಿ, ಅದರಾಚೆ ಕುಸುಬೆ ಹಳದಿ, ಕೆಂಪುಬಾಳೆಯ ತೋಟದ ಎಲೆಗಳಿಂದ ಮಂಜು ತೊಟ್ಟಿಕ್ಕುತ್ತಿತ್ತು. ಬುಟ್ಟಿಯಿಲ್ಲದೆ ಇಷ್ಟೊಂದು ಹೂವು! ಶಿವು ಬಾಯಿ ತೆರೆದವನು ಮುಚ್ಚಲೇ ಇಲ್ಲ.

“ಬಾಯಿ ಮುಚ್ಚು, ಹುಳ ಹೋಗ್ಯಾವು” ಎಂದಳು ಅತ್ತಿ. ನಾನು ಬಾಯಿಯ ಜೊತೆಗೆ ಮೂಗನ್ನೂ ಮುಚ್ಚಿಕೊಂಡೆ.

ಅವಳು ಎರಡು ಕುಂಬಳದ ಹೂ ತೋರಿಸಿದಳು. “ಇದು ಗಂಡ ಹೂ. ಉದ್ದ ದೇಟು, ನಡುವ ಹಳದಿ ಹಿಟ್ಟು. ಇದು ಹೆಣ್ಣ ಹೂ. ಇದರ ಕೆಳಗ ನೋಡ್ರಿ, ಗೋಲಿಯಷ್ಟು ಕುಂಬಳಕಾಯಿ ಈಗಲೇ ಅದ. ಆದ್ರ ಗಂಡ ಹೂವಿನ ಹಿಟ್ಟು ಇದಕ್ಕ ಮುಟ್ಟಬೇಕು. ಮುಟ್ಟಿದ್ರ ಕಾಯಿ ಬೆಳೀತದ. ಇಲ್ಲಾಂದ್ರ ಹಳದಿಯಾಗಿ ಉದರಿ ಬೀಳ್ತದ. ಹೂವಿಗಿ ಕಾಲಿಲ್ಲ, ಎದ್ದು ಹೋಗಿ ಕೊಟ್ಟು ಬರಾಕ ಆಗೂದಿಲ್ಲ. ಯಾರು ಕೊಡಬೇಕು?”

ಅದೇ ಹೊತ್ತಿಗೆ ಕೊಡುವವರು ಬಂದರು. ಗುಂಯ್ ಎಂದಿತು. ನಾನು ಬಾವಿಕಟ್ಟೆಯ ಹಿಂದಿದ್ದೆ. ಹೇಗೆ ಹೋದೆ ಎಂದು ಇವತ್ತಿಗೂ ಗೊತ್ತಿಲ್ಲ.

“ಬರ್ರಿ, ಕೂಡ್ರಿ” ಎಂದು ಅತ್ತಿ ಹುಳಕ್ಕೆ ಹೇಳಿದಳು. ನನಗೆ ಹೇಳಿದ್ದು ಬೇರೆ. “ಬಾ ಈಚಿಗಿ, ಪುಕ್ಕಲಿ. ಅವರು ಕೆಲಸದಾಗ ಅದಾರ. ನೀ ಅಡ್ಡ ಹೋಗಬ್ಯಾಡ, ಕೈ ಬೀಸಬ್ಯಾಡ, ಹಿಡಿಯಾಕ ಹೋಗಬ್ಯಾಡ, ಮಾರಿಗಿ ಉಸುರು ಊದಬ್ಯಾಡ. ಅವರ ಮನಿ ಬಾಗಲದಾಗ ನಿಂದರಬ್ಯಾಡ. ಇಷ್ಟು ಮರ್ಯಾದಿ ಕೊಟ್ರ ಅವರು ನಿನ್ನ ಗೊಡವಿಗೇ ಬರೂದಿಲ್ಲ.”

ಹುಳ ಗಂಡು ಹೂವಿನೊಳಗೆ ಹೊಕ್ಕು, ಹಳದಿ ಹಿಟ್ಟಿನಲ್ಲಿ ಹೊರಳಾಡಿ, ಮೈಯೆಲ್ಲ ಮೆತ್ತಿಕೊಂಡು ಹೊರಬಂತು. ಥೇಟು ಗಿರಣಿಯಿಂದ ಬಂದವರ ಹಾಗೆ. ಅಲ್ಲಿಂದ ಹಾರಿ ಹೆಣ್ಣು ಹೂವಿಗೆ ಹೋಯಿತು. ಅವಳಿಗಳಿಗೆ ಅರ್ಥವಾಗಿಬಿಟ್ಟಿತು. ಇಬ್ಬರೂ ಕೈಗಳನ್ನು ರೆಕ್ಕೆ ಮಾಡಿಕೊಂಡು, ಮೂಗಿಗೆ ಹೂವಿನ ಹಿಟ್ಟು ಬಳಿದುಕೊಂಡು, ಗುಂಯ್ ಎನ್ನುತ್ತ ಬಳ್ಳಿಯಿಂದ ಬಳ್ಳಿಗೆ ಓಡತೊಡಗಿದರು. ಒಬ್ಬ ಎರಡು ಎಳೆಗಾಯಿ ತುಳಿದ. ಶಿವು ತೊಗರಿಯ ಸಾಲಿನಲ್ಲಿ ಒಂದು ಕರಿಯ ದಪ್ಪ ಗುಂಗಿಹುಳವನ್ನು ಕಂಡು, ಅದು ಎಲ್ಲರಿಗೂ ಡಿಕ್ಕಿ ಹೊಡೆಯುತ್ತ ದೊಡ್ಡ ದನಿಯಲ್ಲಿ ಗದರಿಸುತ್ತ ಹೋಗುವುದನ್ನು ನೋಡಿ, “ದರೋಗಾ ಸಾಹೇಬರು!” ಎಂದು ಅದರ ಹಿಂದೆ ಸಲಾಮು ಹೊಡೆಯುತ್ತ ಹೋದ. ಅತ್ತಿ ಒಂದು ಪಾತರಗಿತ್ತಿಯನ್ನು ತೋರಿಸಿ, ಇವರೂ ಹಿಟ್ಟು ಹೊರುವವರೇ, ಆದರೆ ಕೆಲಸಕ್ಕಿಂತ ಸೀರೆಯ ಮೇಲೆ ಲಕ್ಷ್ಯ ಹೆಚ್ಚು ಎಂದಳು.

ಆ ಮುಂಜಾನೆ ಎಷ್ಟು ನಕ್ಕೆವೆಂದರೆ ನನ್ನ ಹೊಟ್ಟೆ ನೋಯುತ್ತಿತ್ತು. ನಕ್ಕರೂ ನನ್ನ ಕೆಲಸ ಆಗಲಿಲ್ಲ. ಅತ್ತಿ ನನ್ನ ಅಂಗೈಗೆ ಬೆಲ್ಲದ ನೀರು ಸವರಿ, ಬಾರಿಗಿಡದ, ಎಂದರೆ ಬೋರೆಹಣ್ಣಿನ ಗಿಡದ, ಹತ್ತಿರ ನಿಲ್ಲಿಸಿದಳು. ಅದರ ಟೊಂಗೆಯಲ್ಲಿ ಅಂಗೈಯಗಲದ ಒಂದು ಕೋಲುಜೇನಿನ ಹುಟ್ಟು ತೂಗುತ್ತಿತ್ತು. ಸಣ್ಣ ಹುಳ, ಸೌಮ್ಯ ಸ್ವಭಾವ ಎಂದಳು ಅತ್ತಿ. ಅವಳ ಕೈಯ ಮೇಲೆ ಒಂದಾದ ಮೇಲೊಂದು ಮೂರು ಬಂದು ಕೂತು ಬೆಲ್ಲ ನೆಕ್ಕಿ ಹೋದವು. ನನ್ನ ಕೈಗೆ ಮೊದಲನೆಯದು ಬರುವಾಗಲೇ ಕೊಟ್ಟಿಗೆಗೆ ಓಡಿದೆ. ಎರಡನೆಯದು ಬಂದಾಗ ಕಣ್ಣು ಮುಚ್ಚಿ ನಿಂತು, ಅದರ ಕಾಲು ತಾಗಿದ ಕೂಡಲೇ ಕಿರುಚಿದೆ. ಆಮೇಲೆ ಬಿಸಿಲೇರಿತು. ನನ್ನ ಕಡೆ ಯಾರೂ ಬರಲಿಲ್ಲ.

“ಇರಲಿ ಬಿಡು” ಎಂದಳು ಅತ್ತಿ. ಆದರೆ ಅವಳೂ ಆಗ ನಗುತ್ತಿರಲಿಲ್ಲ.

ಎಳ್ಳಮಾಸಿಯ ಮುಂಜಾನೆ ಎಲ್ಲರೂ ಹೊಲಕ್ಕೆ ಬಂದೆವು. ಬುಟ್ಟಿಗಳಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಪಲ್ಯ, ಗಡಿಗೆಯಲ್ಲಿ ಅಂಬಲಿ. ಆಯಿ ಕುಂಬಳದ ಬಳ್ಳಿಗಳ ಪಕ್ಕ ಕಂಬಳಿ ಹಾಸಿಸಿ, ಶಾಲು ಹೊದ್ದು, ನ್ಯಾಯ ಹೇಳುವವರ ಹಾಗೆ ಕೂತಳು. “ಹೂಂ. ಕರಿ ನಿನ್ನ ಸಕ್ಕರೀನ.”

ಅಂಗೈಯಲ್ಲಿ ಬೆಲ್ಲದ ನೀರು ಹಿಡಿದು ನಿಂತೆ. “ಸಕ್ಕರೀ” ಎಂದೆ. ದನಿ ನನಗೇ ಕೇಳಿಸಲಿಲ್ಲ. “ಬಂಗಾರೀ.” ಬಾರಿಗಿಡದಿಂದ ಹುಳಗಳು ಬಂದವು. ಬಂದು, ನನ್ನ ಪಕ್ಕದಿಂದಲೇ ಹಾದು, ಹಿಂದೆ ನಿಂತಿದ್ದ ಮುನ್ಷಿ ಸಾಹೇಬರ ಕಡೆ ಹೋದವು.

ಹಬ್ಬವೆಂದು ಅವರು ಆ ದಿನ ಗುಲಾಬಿ ಅತ್ತರನ್ನು ಕಿವಿಗೆ, ತೋಳಿಗೆ, ಗಡ್ಡಕ್ಕೆ ಎಲ್ಲ ಕಡೆ ಹಚ್ಚಿಕೊಂಡು ಬಂದಿದ್ದರು. ಜೇನಿನ ಲೆಕ್ಕದಲ್ಲಿ ಅವರು ಮನುಷ್ಯರೇ ಆಗಿರಲಿಲ್ಲ, ಶೇರವಾನಿ ಹಾಕಿದ ಗುಲಾಬಿ ಗಿಡ. ಒಂದು ಹುಳ ತೋಳಿನ ಮೇಲೆ ಇಳಿಯಿತು. ಒಂದು ಟೋಪಿಯ ಗೊಂಡೆಗೆ ಪ್ರದಕ್ಷಿಣೆ ಹಾಕಿತು. ಒಂದು ಗಡ್ಡದೊಳಗೆ ಹೊಕ್ಕಿತು.

ಛತ್ರಿ ಕೈಯಿಂದ ಜಾರಿತು. ಮುನ್ಷಿ ಸಾಹೇಬರ ಮುಖ ಗಡ್ಡದಷ್ಟೇ ಬಿಳಿಯಾಯಿತು. ಗಡ್ಡ ಝಾಡಿಸಲು ಅವರ ಬಲಗೈ ಮೇಲೆದ್ದಿತು.

“ನಕ್ಕೋ ಸಾಬ್!” ಎಂದು ಒದರಿದೆ. ‘ಬೇಡ’ ಎನ್ನುವ ಅವರದೇ ಶಹರದ ಮಾತು ನನ್ನ ಬಾಯಲ್ಲಿ ಬಂತು. “ಕೈ ಎತ್ತಬ್ಯಾಡ್ರಿ. ಉಸುರು ಊದಬ್ಯಾಡ್ರಿ. ಅವರು ಕೆಲಸದಾಗ ಅದಾರ. ಸುಮ್ಮ ನಿಂದರ್ರಿ.”

ಎತ್ತಿದ ಕೈ ಅಲ್ಲೇ ನಿಂತಿತು. ಪಾಠ ಒಪ್ಪಿಸುವ ಹುಡುಗರನ್ನು ಅವರು ದಿನಾ ನಿಲ್ಲಿಸುತ್ತಿದ್ದರಲ್ಲ, ಹಾಗೆ ನೆಟ್ಟಗೆ ನಿಂತರು. ತುಟಿ ಮಾತ್ರ ಅಲುಗಿತು. “ಬೇಟಿ, ಯಾರು ಇದು? ತಹಸೀಲ್ದಾರ್ ಏನು?”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಡ್ಡದೊಳಗಿನಿಂದ ಗುಂಯ್ ಗುಂಯ್ ಕೇಳುತ್ತಿತ್ತು. ಓಡಿಹೋಗುವ ಕಾಲು ನನ್ನಲ್ಲಿ ಆಗಲೂ ಇತ್ತು, ಇಲ್ಲವೆನ್ನಲಾರೆ. ಆದರೆ ನನ್ನ ಮಾತು ನಂಬಿ, ಎತ್ತುಗಳ ಜೊತೆ ಇಡೀ ದಿನ ಮಾತಾಡುತ್ತ ಬಂದ ಮುದುಕರು ನನ್ನ ಮುಂದೆ ಕೈ ಎತ್ತಿದಂತೆಯೇ ನಿಂತಿದ್ದರು. ನಾನು ಮುಂದೆ ನಡೆದೆ. ಅಂಗೈಯನ್ನು ಅವರ ಗಡ್ಡದ ಕೆಳಗೆ ಒಡ್ಡಿದೆ.

“ಬರ್ರಿ. ಕೂಡ್ರಿ” ಎಂದೆ.

ಎಷ್ಟು ಹೊತ್ತು ಹಾಗೆ ನಿಂತೆವೋ. ಗಡ್ಡದ ಕೂದಲುಗಳ ನಡುವಿನಿಂದ ಮೊದಲು ಎರಡು ಮೀಸೆ ಕಂಡವು, ಆಮೇಲೆ ಪುಟ್ಟ ತಲೆ. ಹುಳ ಒಂದು ಕೂದಲು ಹಿಡಿದು ಜೋತಾಡಿ, ನನ್ನ ಹೆಬ್ಬೆರಳಿನ ಮೇಲೆ ಇಳಿಯಿತು. ಅಲ್ಲಿಂದ ನಡೆಯುತ್ತ ಅಂಗೈಯ ನಡುವೆ ಬಂದು ಬೆಲ್ಲದ ನೀರಿಗೆ ಬಾಯಿ ಹಾಕಿತು. ಅದರ ಕಾಲುಗಳು ಅಂಗೈಗೆ ಕಚಗುಳಿ ಇಡುತ್ತಿದ್ದವು. ಅದರ ಹೊಟ್ಟೆ ಉಸಿರಿಗೆ ತಕ್ಕ ಹಾಗೆ ಒಳಗೆ ಹೊರಗೆ ಆಡುತ್ತಿತ್ತು. ಬೆನ್ನಿನ ಮೇಲೆ ಕುಂಬಳದ ಹೂವಿನ ಹಿಟ್ಟು. ಇಷ್ಟು ಚಿಕ್ಕದಕ್ಕೆ ನಾನು ಐದು ವರ್ಷ ಹೆದರಿದ್ದೆನೇ ಎನಿಸಿ ನಗೆ ಬಂತು. ಕೈ ಅಲುಗೀತೆಂದು ನಗೆಯನ್ನು ಒಳಗೇ ನುಂಗಿದೆ. ಅದು ಹೊಟ್ಟೆಯಲ್ಲೆಲ್ಲ ಓಡಾಡಿತು.

“ತಹಸೀಲ್ದಾರ ಅಲ್ರಿ ಸಾಬ್” ಎಂದೆ. “ಸಕ್ಕರಿ.”

ಸಕ್ಕರಿ ಹೊಟ್ಟೆತುಂಬ ಕುಡಿದು ಹಾರಿಹೋಯಿತು. ಮುನ್ಷಿ ಸಾಹೇಬರು ಅಲ್ಲೇ ಮಣ್ಣಿನ ಮೇಲೆ, ಶೇರವಾನಿ ಸಮೇತ, ಕೂತುಬಿಟ್ಟರು. “ಸುಭಾನಲ್ಲಾ” ಎಂದರು. ಆಮೇಲೆ, “ಕಚಗುಳಿ ಆಯ್ತು” ಎಂದರು. ಗುರಮ್ಮ ಅತ್ತಿಯ ನಗೆ ಕಮಲಾಪುರದ ಆಚೆ ತುದಿಗೂ ಕೇಳಿರಬೇಕು.

ಎಲ್ಲರೂ ನಗುವಾಗ ನಾನು ಆಯಿಯ ಮುಂದೆ ಹೋಗಿ ನಿಂತೆ. ಗೆದ್ದವಳು ಸುಮ್ಮನಿರಬೇಕಿತ್ತು. ಆಗಲಿಲ್ಲ. “ಆಯಿ, ನಾ ಮೊದಲು ಹೇಳಿದ್ದು ಸುಳ್ಳು. ಹೆಸರು ಹಿಡಿದು ಕರದ್ರ ಅವು ಬರೂದಿಲ್ಲ. ಇವತ್ತೇ ಮೊದಲನೇ ಸಲ ಕೂತದ್ದು.”

ಆಯಿ ಶಾಲು ಸರಿಮಾಡಿಕೊಂಡಳು. “ಗೊತ್ತದ” ಎಂದಳು. “ನಿನ್ನ ಮೂಗಿಗಿ ಸುಣ್ಣ ಹಚ್ಚಿದಾಕಿ ನಾನ.”

ಊಟಕ್ಕೆ ಕೂತಾಗ ಮುನ್ಷಿ ಸಾಹೇಬರು ಭಜ್ಜಿ ಪಲ್ಯ ಮೂರು ಸಲ ಹಾಕಿಸಿಕೊಂಡರು. ಕೊನೆಗೆ ಕೆಂಪು ಬಾಳೆಹಣ್ಣು ಸುಲಿಯುತ್ತ, ಇದನ್ನು ಕೆಂಪು ಮಾಡುವುದೂ ಮಖ್ಖಿಯೇ ಏನು ಎಂದು ಕೇಳಿದರು. “ಬಾಳಿಗಿ ಯಾರ ಹಂಗೂ ಇಲ್ರಿ” ಎಂದಳು ಅತ್ತಿ. “ಬೀಜ ಇಲ್ಲದ ಹಣ್ಣು. ಹುಳ ಬರಲಿ ಬಿಡಲಿ, ತನ್ನಷ್ಟಕ್ಕ ತಾ ಹಣ್ಣಾಗ್ತದ. ಹುಳ ಅಲ್ಲಿಗಿ ಹೋಗೂದು ರಸ ಕುಡಿಯಾಕಷ್ಟ.” ಆಮೇಲೆ ಗಂಡು ಹೂ ಹೆಣ್ಣು ಹೂ ಎಲ್ಲ ತೋರಿಸಿದಳು. ಮುನ್ಷಿ ಸಾಹೇಬರು ಕುಂಬಳದ ಬಳ್ಳಿಯ ಮುಂದೆ ಮಂಡಿಯೂರಿ, ನಮ್ಮ ಶಿವುವಿನ ಹಾಗೆ ಬಾಯಿ ತೆರೆದು ನೋಡಿದರು.

ಆಯಿ ಮೊದಲ ಸಲ ಎತ್ತಿನ ಸಹಾಯವಿಲ್ಲದೆ ಅವರನ್ನು ಕೇಳಿದಳು. “ಮುನ್ಷಿಯವರ, ಇದು ನಿಮ್ಮ ಪುಸ್ತಕದಾಗ ಬರದಾರೇನ್ರಿ? ಈ ಹಿಟ್ಟು ಒಯ್ದು ಕೊಡೂದು?”

“ಇಲ್ಲ ಮಾಂಜೀ. ಜೇನು ಮಾಡ್ತದ ಅಂತ ಅಷ್ಟೇ ಅದ.”

“ಹಂಗಾದ್ರ ಅರ್ಧಾ ಬರದಾರ” ಎಂದಳು ಆಯಿ. “ಈಕಿ ಓದಲಿ. ಓದಿ ಉಳದರ್ಧಾ ಬರೀಲಿ.”

ಕಲಬುರ್ಗಿಗೆ ಮರಳಿದ ಮೇಲೆ ಅಪ್ಪ ಮೀಸೆಯೊಳಗಿನ ನಗೆಯನ್ನು ಹೊರಗೆ ಬಿಟ್ಟು ಕೇಳಿದ, “ಏನವ್ವಾ, ಜೇನು ಬಂದ್ವಾ?” ಆಯಿ ಸುಳ್ಳು ಹೇಳುವವಳಲ್ಲ. “ಕರದ್ರ ಬರ್ತಾವೋ ಇಲ್ಲೋ ನನಗ ತಿಳೀದು. ಮುನ್ಷಿಯವರ ಗಡ್ಡದಾಗಿಂದ ಇಳಿಸಿಕೊಂಡಳು. ಅದನ್ನ ಕಣ್ಣಾರೆ ಕಂಡೀನಿ” ಎಂದಳು. ಪಾಟಿ ಅಟ್ಟಕ್ಕೆ ಹೋಗಲಿಲ್ಲ.

ಗುರಮ್ಮ ಅತ್ತಿ ಆಯಿಗೆ ಒಂದು ಹಿಡಿ ಕುಂಬಳದ ಬೀಜ ಕಟ್ಟಿಕೊಟ್ಟಿದ್ದಳು. ಆಯಿ ಅದನ್ನು ಹಿತ್ತಲಿನಲ್ಲಿ ಊರಿದಳು. ಬೇಸಿಗೆ ಶುರುವಾಗುವ ಹೊತ್ತಿಗೆ ಬಳ್ಳಿ ಗೋಡೆ ಹತ್ತಿ ಹೂಬಿಟ್ಟಿತು. ಗಾಜಿಪುರದ ಕಲ್ಲಿನ ಓಣಿಗೆ ಯಾವ ಜೇನು ಬರಬೇಕು? ಗೋಲಿಯಷ್ಟು ಕಾಯಿಗಳು ಹಳದಿಯಾಗಿ ಒಂದೊಂದೇ ಉದುರಿದವು. ಆಯಿ ದಿನಾ ಬಿದ್ದ ಕಾಯಿಗಳನ್ನು ಆರಿಸಿ ಕೈಯಲ್ಲಿ ಹಿಡಿದು ನೋಡುತ್ತಿದ್ದಳು.

ಒಂದು ಮುಂಜಾನೆ ನಾನು ಮುಖ ತೊಳೆಯಲು ಹಿತ್ತಲಿಗೆ ಹೋದೆ. ಆಯಿ ಬಳ್ಳಿಯ ಮುಂದೆ ಬೆನ್ನು ಬಾಗಿಸಿ ನಿಂತಿದ್ದಳು. ಕೈಯಲ್ಲಿ ಒಂದು ಗಂಡು ಹೂ. ಅದರ ಎಸಳೆಲ್ಲ ಕಿತ್ತು, ನಡುವಿನ ಹಿಟ್ಟಿನ ಕಡ್ಡಿಯನ್ನು ಒಂದೊಂದೇ ಹೆಣ್ಣು ಹೂವಿಗೆ ಮುಟ್ಟಿಸುತ್ತಿದ್ದಳು. ಮೂಗಿನ ಮೇಲೆ ಹಳದಿ ಹತ್ತಿತ್ತು. ತಾನೊಬ್ಬಳೇ ಇದ್ದೇನೆಂದು ತಿಳಿದು, ಸಣ್ಣ ದನಿಯಲ್ಲಿ, “ಗುಂಯ್” ಎನ್ನುತ್ತಿದ್ದಳು.

ನನ್ನನ್ನು ಕಂಡು ಮೂಗು ಒರೆಸಿಕೊಂಡಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಹೂವಿಗೆ ಬಾಗಿದಳು.

“ಏನ್ ನೋಡ್ತಿ ನಿಂತು? ನನ್ನ ಕೆಲಸ ನಾ ಮಾಡಾಕತ್ತೀನಿ. ಮುನ್ಷಿಯವರು ಬರೂ ಹೊತ್ತಾತು. ನಿನ್ನ ಕೆಲಸಕ್ಕ ನೀ ಹೋಗು.”